ಉನ್ನತ ಐಟಿ ಹುದ್ದೆ ಹುಡುಕಾಟ: ವಾರಾಣಸಿಯಲ್ಲಿ ಓದಿದ ನಿಕೇಶ್ ಅರೋರಾ ಉದಾಹರಣೆ

ದೊಡ್ಡ ಹುದ್ದೆಯಲ್ಲಿದ್ದವರಿಗೆ ಕೆಲಸ ಬಿಟ್ಟ ತಕ್ಷಣ ಮತ್ತೊಂದು ಸಿಗುತ್ತದೆ ಎಂಬ ನಂಬಿಕೆಯಿದೆ. ವಾಸ್ತವ ಬೇರೆ. ಮೇಲಕ್ಕೆ ಹೋದಂತೆ ಹುದ್ದೆಗಳು ಕಡಿಮೆ, ಕಾಯುವಿಕೆ ಹೆಚ್ಚು.

ನಿಕೇಶ್ ಅರೋರಾ 1989ರಲ್ಲಿ ವಾರಾಣಸಿಯ ಬನಾರಸ್ ಹಿಂದೂ ವಿಶ್ವವಿದ್ಯಾಲಯದ ತಂತ್ರಜ್ಞಾನ ಸಂಸ್ಥೆಯಿಂದ ಎಂಜಿನಿಯರಿಂಗ್ ಪದವಿ ಪಡೆದರು. ಈ ಸಂಸ್ಥೆ 2012ರಲ್ಲಿ ಐಐಟಿ ಆಯಿತು. 2004ರಿಂದ 2014ರವರೆಗೆ ಗೂಗಲ್‌ನಲ್ಲಿದ್ದ ಅರೋರಾ, ಬಳಿಕ ಜಪಾನಿನ ಸಾಫ್ಟ್‌ಬ್ಯಾಂಕ್ ಸೇರಿದರು. ಅಲ್ಲಿನ ಅಧ್ಯಕ್ಷ ಹುದ್ದೆ ಬಿಟ್ಟಿದ್ದು 2016ರ ಜೂನ್‌ನಲ್ಲಿ. ಪಾಲೊ ಆಲ್ಟೊ ನೆಟ್‌ವರ್ಕ್ಸ್ ಸಿಇಒ ಆಗಿದ್ದು 2018ರ ಜೂನ್‌ನಲ್ಲಿ. ನಡುವೆ ಎರಡು ವರ್ಷದ ಅಂತರ. ಸೈಬರ್ ಭದ್ರತೆ ಅವರಿಗೆ ಹೊಸ ಕ್ಷೇತ್ರವಾಗಿತ್ತು.

ನೇಮಕ ಹೇಗೆ?

ಇಂಥ ಅನೇಕ ಹುದ್ದೆಗಳಿಗೆ ಜಾಹೀರಾತು ಬರುವುದಿಲ್ಲ. ಕಂಪನಿಗಳು ನೇಮಕಾತಿ ಸಂಸ್ಥೆಗಳ ಮೂಲಕ ಗುಟ್ಟಾಗಿ ಹುಡುಕುತ್ತವೆ. ಅಭ್ಯರ್ಥಿಯೊಂದಿಗೆ ಕೆಲಸ ಮಾಡಿದವರ ಅಭಿಪ್ರಾಯಕ್ಕೆ ಇಲ್ಲಿ ಬೆಲೆ ಹೆಚ್ಚು.

ಗಮನಿಸಬೇಕಾದ್ದು:

* ಕೆಲಸದಲ್ಲಿದ್ದಾಗಲೇ ಹಳೆಯ ಸಹೋದ್ಯೋಗಿಗಳು, ಹೂಡಿಕೆದಾರರೊಂದಿಗೆ ಸಂಪರ್ಕ ಉಳಿಸಿಕೊಳ್ಳಿ.
* ಹಳೆ ವಿದ್ಯಾರ್ಥಿಗಳ ಸಂಘ ಮರೆಯಬೇಡಿ. ಝಡ್‌ಸ್ಕೇಲರ್ ಸ್ಥಾಪಕ ಜಯ್ ಚೌಧರಿ ಓದಿದ್ದೂ ವಾರಾಣಸಿಯ ಇದೇ ಸಂಸ್ಥೆಯಲ್ಲಿ.
* ನೇರವಾಗಿ ಕೆಲಸ ಕೇಳುವ ಬದಲು ಕ್ಷೇತ್ರದ ಬಗ್ಗೆ ಸಲಹೆ ಕೇಳಿ, ಮಾತು ಮುಂದುವರಿಯುತ್ತದೆ.
* ರೆಸ್ಯೂಮೆಯಲ್ಲಿ ಹುದ್ದೆಗಳ ಪಟ್ಟಿಗಿಂತ ಆದಾಯ, ವೆಚ್ಚ, ತಂಡದಲ್ಲಿ ತಂದ ಬದಲಾವಣೆ ಬರೆಯಿರಿ.
* ನೇಮಕಾತಿ ಸಂಸ್ಥೆಗೆ ಶುಲ್ಕ ಕೊಡುವುದು ಕಂಪನಿ. ಹುದ್ದೆ ಕೊಡಿಸುತ್ತೇವೆಂದು ನಿಮ್ಮಿಂದ ಹಣ ಕೇಳಿದರೆ ದೂರವಿರಿ.
* ಅಂತರವಿದ್ದರೆ ಮುಚ್ಚಿಡಬೇಡಿ. ಆ ಅವಧಿಯಲ್ಲಿ ಮಾಡಿದ್ದನ್ನು, ಕಲಿತದ್ದನ್ನು ನೇರವಾಗಿ ಹೇಳಿ.