ಮಗಳ ಖೋಲ್ಯಾಗ ಹುಟ್ಟಿದ ಆಟದ ಪೆಟ್ಟಿಗಿ

ಹೋದ ದೀಪಾವಳಿ ಸೂಟ್ಯಾಗ ನಮ್ಮ ಸಣ್ಣಾವ ಬಂದು "ಅವ್ವಾ, ಅಕ್ಕನ ಖೋಲ್ಯಾಗಿನ ಹಳೇ ಕಪಾಟ ನನಗ ಕೊಡು" ಅಂದ. ಪುಸ್ತಕ ಇಡಾಕ ಕೇಳಾಕತ್ತಾನ ಅನ್ಕೊಂಡು ಹೂಂ ಅಂದ್ಬಿಟ್ನಿ. ಮರುದಿನ ನೋಡಿದ್ರ ಬಾಗಿಲಾ ಬಿಚ್ಚಿ ಗ್ವಾಡಿಗೆ ಆನಿಸಿ ಇಟ್ಟಾನ, ಹಲಗಿ ಮ್ಯಾಲೆಲ್ಲ ಪೆನ್ಸಿಲ್ ಗೆರಿ. ಆರ್ಕೇಡ್ ಪೆಟ್ಟಿಗಿ ಮಾಡ್ತಾನಂತ. ಹಿಂದಕ ವಿಡಿಯೊ ಗೇಮ್ ಅಂಗಡ್ಯಾಗ ರೊಕ್ಕ ಹಾಕಿ ನಿಂತು ಆಡೋ ಎತ್ತರದ ಪೆಟ್ಟಿಗಿ ಇರತಿದ್ವಲ್ಲ, ಅದು.

ನಮ್ಮೂರ ಬಸ್ ಸ್ಟ್ಯಾಂಡ್ ಬಾಜೂಕ ಅಂಥಾದೊಂದು ಅಂಗಡಿ ಇತ್ತು. ನಾ ಪಿಯುಸಿ ಓದೋ ಮುಂದ ನನ್ನ ತಮ್ಮ ರೂಪಾಯಿ ರೂಪಾಯಿ ಕೂಡಿಸಿ ಅಲ್ಲಿಗೆ ಓಡತಿದ್ದ. ನಾವು ಹುಡುಗ್ಯಾರು ಕಾಲೇಜಿಂದ ಬರುವಾಗ ಒಳಗಿನ ಪೀಂ ಪೀಂ ಸಪ್ಪಳ ಕೇಳಿ ತಲಿ ತಗ್ಗಿಸಿಕೊಂಡು ದಾಟೋದು. ಒಳಗ ಹೋದ ಹುಡುಗಿ ಒಬ್ಬಾಕಿನ್ನೂ ನಾ ನೋಡಿಲ್ಲ. ಅದು ಗಂಡುಹುಡುಗರ ಜಾಗ ಅಂತ ಅಪ್ಪಾರು ಹೇಳಿದ್ರು, ನಾನೂ ನಂಬಿದ್ನಿ. ಈಗ ಮಗ ಹೇಳಿದ್ದು, ಆಮ್ಯಾಲೆ ನಾನಾಗೇ ಓದಿದ್ದು ಎಲ್ಲಾ ಕೂಡಿಸಿ ನೋಡಿದ್ರ, ಆ ಪೆಟ್ಟಿಗಿ ಹುಟ್ಟಿದ್ದೇ ಮನಿ ಒಳಗ ನೋಡ್ರಿ.

ಅಮೆರಿಕಾದ ಕ್ಯಾಲಿಫೋರ್ನಿಯಾದಾಗ ನೋಲನ್ ಬುಶ್ನೆಲ್, ಟೆಡ್ ಡ್ಯಾಬ್ನಿ ಅಂತ ಇಬ್ಬರು ಗೆಳೆಯರು. ಇವ್ರು ತಯಾರು ಮಾಡಿದ 'ಕಂಪ್ಯೂಟರ್ ಸ್ಪೇಸ್' ಅನ್ನೋ ಆಟ 1971ರಾಗ ಬಂತು. ಅದರ ಕೆಲಸಕ್ಕ ಜಾಗ ಬೇಕಂತ ಮಗಳ ಮಲಗೋ ಖೋಲಿ ಖಾಲಿ ಮಾಡಿಸಿದ್ರಂತ. ಯಾರ ಮಗಳು? ಬುಶ್ನೆಲ್ ನನ್ನ ಮಗಳದು ಅಂತಾನ, ಡ್ಯಾಬ್ನಿ ಅಲ್ಲ, ನನ್ನ ಮಗಳದು ಅಂತಾನ. ಖೋಲಿ ಬಿಟ್ಟು ಹೋದ ಆ ಕೂಸನ್ನ ಕೇಳಿದ್ರ ಜಗಳ ಬಗಿಹರಿತಿತ್ತು! ನಮ್ಮನ್ಯಾಗೂ ಅದ ಕಥಿ. ಲಗ್ನಾಗಿ ಹೋದ ಮಗಳು ಫೋನಿನ್ಯಾಗ "ನನ್ನ ಖೋಲ್ಯಾಗ ಕಟಿಗಿ ಪುಡಿ ಯಾಕ?" ಅಂತ ಒಂದು ತಾಸು ಜಗಳಾಡಿದ್ಳು.

ಆ ಮೊದಲನೇ ಆಟ ಭಾಳ ತೊಡಕು, ಮಂದಿಗೆ ತಿಳಿಲಿಲ್ಲ. 1972ರಾಗ ಇಬ್ಬರೂ ಅಟಾರಿ ಕಂಪನಿ ಮಾಡಿದ್ರು. ಅಲ್ಲಿ ಅಲ್ ಆಲ್ಕಾರ್ನ್ ಅನ್ನಾಂವ 'ಪಾಂಗ್' ಮಾಡಿದ. ಅಂಗಡ್ಯಾಗ ಮಾರೋ 75 ಡಾಲರಿನ ಸಾದಾ ಕಪ್ಪು ಬಿಳುಪು ಟಿವಿ ತಂದು ನಾಲ್ಕು ಫೂಟಿನ ಕಟಿಗಿ ಪೆಟ್ಟಿಗ್ಯಾಗ ಕೂಡಿಸಿದ್ರು, ಅಷ್ಟ. ಸನಿವೇಲ್ ಊರಿನ ಒಂದು ಬಾರಿನ್ಯಾಗ ಇಟ್ರು. ಸ್ವಲ್ಪ ದಿನಕ್ಕ ಪೆಟ್ಟಿಗಿ ಕೆಟ್ಟೈತಿ ಅಂತ ಕರಿ ಬಂತು. ತಗದು ನೋಡಿದ್ರ ಕೆಟ್ಟಿರಲಿಲ್ಲ, ಅವ್ರ ಪಾವಲಿ ಬಿದ್ದು ಬಿದ್ದು ಡಬ್ಬಿ ತುಂಬಿ ತುಳುಕಿತ್ತು. ಹಿಂಗ ಮನ್ಯಾಗಿಂದ ಬಾರಿಗೆ ಹೋತು. ಅಲ್ಲಿಂದ ಗಂಡಸರ ಜಾಗ ಅನ್ನೋ ಹೆಸರು ಬಂತು ಅಂತ ನನಗ ಅನಸತೈತಿ.

1978ರಾಗ ಜಪಾನಿನ 'ಸ್ಪೇಸ್ ಇನ್ವೇಡರ್ಸ್' ಬಂತು. ಬರೇ ಗುಂಡು ಹೊಡಿಯೋದು. ಅದರ ಬಣ್ಣ ಸುಳ್ಳು, ಕಪ್ಪು ಬಿಳುಪು ಪರದೆ ಮ್ಯಾಲೆ ಬಣ್ಣದ ಹಾಳಿ ಹಚ್ಚಿದ್ದು.

1980ರಾಗ ತೋರು ಇವಾತಾನಿ ಅನ್ನೋ ಜಪಾನಿ ಹುಡುಗ ಬ್ಯಾರೇ ವಿಚಾರ ಮಾಡಿದ. ಆಟದ ಜಾಗದಾಗ ಹೆಣ್ಣುಮಕ್ಕಳು ಯಾಕ ಬರಂಗಿಲ್ಲ, ಅವ್ರೂ ಬರೋ ಹಂಗ ಏನ್ ಮಾಡ್ಬೇಕು ಅಂತ. ಗುಂಡು ಬಿಟ್ಟ, ತಿನ್ನೋದು ಹಿಡದ. ಬಾಯಿ ತಗಕೊಂಡು ಚುಕ್ಕಿ ತಿನ್ನೋ ಹಳದಿ ಗುಂಡ, ಬಣ್ಣಬಣ್ಣದ ನಾಲ್ಕು ದೆವ್ವ. ಅದ 'ಪ್ಯಾಕ್-ಮ್ಯಾನ್'. ಆಡಾಕ ಒಂದೇ ಹಿಡಿಕಿ, ಗುಂಡಿ ಇಲ್ಲ. ಇದನ್ನ ಓದಿದಾಗ ನನಗ ಸಿಟ್ಟೇ ಬಂತ್ರಿ. ನಮಗಂತ ಮಾಡಿದ ಆಟಾನೂ ನಮ್ಮ ತಮ್ಮಂದಿರು ಅಷ್ಟ ಆಡಿದ್ರು.

ಇನ್ನೊಂದು ಹೇಳ್ತೀನಿ ಕೇಳ್ರಿ. ನಿಂಟೆಂಡೊ ಕಂಪನಿ ಅಮೆರಿಕಾಕ್ಕ 'ರಾಡಾರ್ ಸ್ಕೋಪ್' ಅನ್ನೋ ಆಟದ 3000 ಪೆಟ್ಟಿಗಿ ಕಳಿಸಿತ್ತು. ಸುಮಾರು 2000 ಹಂಗ ಉಳದ್ವು. ಅಲ್ಲಿ ಕೆಲಸ ನೋಡೋ ಅರಾಕಾವಾ ಅಂದ್ರ ಕಂಪನಿ ಮಾಲಕನ ಅಳಿಯ. 1981ರಾಗ ಜಪಾನಿಂದ 'ಡಾಂಕಿ ಕಾಂಗ್' ಅನ್ನೋ ಹೊಸ ಆಟದ ಸಾಮಾನ ಬಂತು. ಹೊಸ ಪೆಟ್ಟಿಗಿ ಮಾಡಿಸಲಿಲ್ಲ, ಹಳೇವನ್ನ ಬಿಚ್ಚಿ ಒಳಗಿಂದಷ್ಟ ಬದಲಿ ಮಾಡಿದ್ರು. ಆ ಕೆಲಸಕ್ಕ ಬೆರಳ ಮ್ಯಾಲೆ ಎಣಿಸೋವಷ್ಟು ಮಂದಿ. ಅದರಾಗ ಅರಾಕಾವಾನ ಹೆಂಡ್ತಿ ಯೋಕೊನೂ ಇದ್ಳು. ಅಪ್ಪನ ಕಂಪನಿ, ಗಂಡನ ಸಂಕಟ, ವೈರು ಹಿಡದಾಕಿ ಅಕಿ! ಆಟ ಹೊಡಕೊಂಡು ಓಡ್ತು.

ಆಮ್ಯಾಲೆ ಮನಿಮನಿಗೆ ಟಿವಿಗೆ ಹಚ್ಚಿ ಆಡೋ ಆಟ ಬಂದು ಅಂಗಡಿ ಮುಚ್ಚಿದ್ವು, ಪೆಟ್ಟಿಗಿ ಗುಜರಿಗೆ ಹೋದ್ವು. 1997ರಾಗ ಇಟಲಿಯ ನಿಕೊಲಾ ಸಾಲ್ಮೊರಿಯಾ ಅನ್ನಾಂವ 'ಮೇಮ್' ಅಂತ ಪ್ರೋಗ್ರಾಂ ಬರದ. ಹಳೇ ಯಂತ್ರ ಹೆಂಗ ನಡಿತಿತ್ತೋ ಹಂಗ ಸಾದಾ ಕಂಪ್ಯೂಟರ್ ನಡಿಯೋ ಹಂಗ ಮಾಡೋದು. ಆಟ ಕಂಪ್ಯೂಟರಿನ್ಯಾಗ ಬಂದ ಮ್ಯಾಲೆ, ನಿಂತು ಆಡೋ ಪೆಟ್ಟಿಗಿನೂ ಬೇಕು ಅನಿಸಿ ಮಂದಿ ಮನ್ಯಾಗ ಹಲಗಿ ಕೊಯ್ಯಾಕ ಶುರು ಮಾಡಿದ್ರು. 2004ರಾಗ ಜಾನ್ ಸೇಂಟ್ ಕ್ಲೇರ್ ಅನ್ನಾಂವ ಅದನ್ನ ಕಲಿಸೋ ಪುಸ್ತಕಾನ ಬರದ.

ನಮ್ಮಾವ ಮೊದಲ ಸಲ ಕೈ ಹಾಕಿದ್ದಲ್ಲ, ಎಡಗಡೆ ಹಲಗಿ ಒಂದು ನಮೂನಿ, ಬಲಗಡೆ ಇನ್ನೊಂದು ನಮೂನಿ ಕೊಯ್ದು ಕುಂತ. "ಲೇ, ಕುಪ್ಪಸದ ತೋಳು ಒಂದೊಂದ ಕತ್ತರಸ್ತೀವೇನು? ಬಟ್ಟಿ ಮಡಚಿ ಎರಡೂ ಒಮ್ಮೆಲೇ ಕತ್ತರಸ್ತೀವಿ" ಅಂದ್ನಿ. ಮೊದಲು ಪೇಪರಿನ್ಯಾಗ ನಮೂನಿ ತಗದು, ಎರಡು ಹಲಗಿ ಜೋಡಿಸಿ ಬಿಗದು ಕೂಡೇ ಕೊಯ್ದ. ಗುಂಡಿ ಹಲಗಿ ಎತ್ತರ ನನ್ನ ಮೊಳಕೈಗೆ ಅಳತಿ ತಗೊಂಡ. ವೈರಿನ ಕೆಲಸ ನಾನೂ ಮಾಡಿದ್ನಿ. ಪ್ರತಿ ಗುಂಡಿಗೆ ಎರಡು ವೈರು. ಒಂದು ಅದರದಷ್ಟ, ಇನ್ನೊಂದು ಹೂವಿನ ದಂಡಿ ಪೋಣಿಸಿದಂಗ ಎಲ್ಲಾದಕ್ಕೂ ಹಾದು ಹೋಗೋದು. ನಡುವ ಸಡಿಲಾತಂದ್ರ ಮುಂದಿನವೆಲ್ಲ ಸುಮ್ಮನ.

ಆಟದ್ದು ಒಂದು ಮಾತು. ಮೇಮ್ ಪುಕ್ಕಟ, ಆದ್ರ ಆಟ ಕಂಪನಿಯವರ ಆಸ್ತಿ. ಪ್ಯಾಕ್-ಮ್ಯಾನ್ ಕಂಪ್ಯೂಟರಿಗೆ ಈಗೂ ಮಾರತಾರ, ಅದನ್ನ ರೊಕ್ಕ ಕೊಟ್ಟು ತಗೊಂಡ.

ಮೊದಲನೇ ದಿನ ನಾ ಆಡಿದ್ರ ಎಲ್ಲಾ ಮೂಲ್ಯಾಗೂ ದೆವ್ವ ಹಿಡಿಯೋದು. ವಯಸ್ಸಾತು, ಕೈ ಹೊಂಡಂಗಿಲ್ಲ ಅನ್ಕೊಂಡ್ನಿ. ತಪ್ಪು ನಂದಲ್ಲರಿ! ಹಿಡಿಕಿ ಎಂಟು ದಿಕ್ಕಿಗೆ ಹೊಳ್ಳೋದು, ಆಟಕ್ಕ ಬೇಕಾದ್ದು ನಾಲ್ಕೇ ದಿಕ್ಕಿಂದು. ಕೆಳಗಿನ ಸಣ್ಣ ಪಟ್ಟಿ ತಿರುವಿ ಹಾಕಿದ, ಸರಿ ಆತು.

ಸಂಕ್ರಾಂತಿಗೆ ಮಗಳು ಬಂದಾಗ ತಮ್ಮನೂ ಬಂದಿದ್ದ. ಊಟ ಆದ ಮ್ಯಾಲೆ ನಾವಿಬ್ಬರು ತಾಯಿ ಮಗಳು ಪಾಳಿ ಮ್ಯಾಲೆ ಪಾಳಿ ಆಡಿದ್ವಿ. ಅಂವ ಬಾಗಿಲಾಗ ನಿಂತು, "ಅಕ್ಕಾ, ನಂದ್ಯಾವಾಗ?" ಅಂತ ಎರಡು ಸಲ ಕೇಳಿದ. ನಾ ಆಗ ಮೂರನೇ ಹಂತದಾಗಿದ್ನಿ, ಬಿಡಲಿಲ್ಲ.