ಮೆಮ್‌ಕ್ಯಾಶ್‌ಡಿ ಮತ್ತು ಒಂದೇ ಸರ್ವರ್‌ನ ನೆರೆಹೊರೆ

ಲೈವ್‌ಜರ್ನಲ್ ಜಾಲತಾಣದ ಡೇಟಾಬೇಸ್ ಮೇಲಿನ ಹೊರೆ ಇಳಿಸಲು ಬ್ರಾಡ್ ಫಿಟ್ಜ್‌ಪ್ಯಾಟ್ರಿಕ್ 2003ರಲ್ಲಿ, ದತ್ತಾಂಶವನ್ನು ‘ಕೀ’ಗಳ ಹೆಸರಿನಲ್ಲಿ ಮೆಮೊರಿಯಲ್ಲಿಡುವ ಕ್ಯಾಶ್ ತಂತ್ರಾಂಶ ಮೆಮ್‌ಕ್ಯಾಶ್‌ಡಿಯನ್ನು ಬರೆದರು. ಅದಕ್ಕೆ ಪಾಸ್‌ವರ್ಡ್ ಇರಲಿಲ್ಲ. ಆಗ ಬೇಕಾಗಿಯೂ ಇರಲಿಲ್ಲ: ಸರ್ವರ್‌ಗಳೆಲ್ಲ ಒಂದೇ ಸಂಸ್ಥೆಯವು, ನಡುವಿನ ನೆಟ್‌ವರ್ಕ್ ಕೂಡ ಅವರದೇ. ತೊಡಕು ಶುರುವಾದದ್ದು ಅದೇ ತಂತ್ರಾಂಶ ನೂರಾರು ಗ್ರಾಹಕರು ಹಂಚಿಕೊಳ್ಳುವ ಹೋಸ್ಟಿಂಗ್ ಯಂತ್ರಗಳಿಗೆ ಬಂದಾಗ.

ಅಂಥ ಯಂತ್ರದಲ್ಲಿ ಆಗುವುದೇನು? ಸಾಮಾನ್ಯ ಖಾತೆಯೊಂದರಿಂದ ಲಾಗಿನ್ ಆಗಿ, ಟೆಲ್‌ನೆಟ್ ಮೂಲಕ 127.0.0.1ರ 11211ನೇ ಪೋರ್ಟ್‌ಗೆ ಹೋಗಿ ‘ಸ್ಟ್ಯಾಟ್ಸ್ ಕ್ಯಾಶ್‌ಡಂಪ್’ ಆದೇಶ ಕೊಟ್ಟರೆ ಪಕ್ಕದ ತಾಣಗಳ ಕೀಗಳ ಹೆಸರುಗಳೂ ಸಾಲಾಗಿ ಬರುತ್ತವೆ. ಅವುಗಳಲ್ಲೊಂದನ್ನು ‘ಗೆಟ್’ ಮಾಡಿದರೆ ಒಳಗಿನದೆಲ್ಲ ಕಣ್ಣೆದುರಿಗೆ. ಅದು ಪಿಎಚ್‌ಪಿ ಸೆಷನ್ ಆಗಿದ್ದರೆ, ಬೇರೊಬ್ಬರ ಲಾಗಿನ್ ನಮ್ಮ ಕೈಗೆ ಬಂದಂತೆಯೇ. ‘ಸೆಟ್’ ಮಾಡಿ ಬದಲಿಸಲೂಬಹುದು, ‘ಫ್ಲಷ್ ಆಲ್’ ಎಂದು ಎಲ್ಲವನ್ನೂ ಅಳಿಸಲೂಬಹುದು.

ಆದರೂ ಸುರಕ್ಷತೆಯ ಚರ್ಚೆ ಬಹುಕಾಲ ಹೊರಗಿನ ಶತ್ರುವಿನ ಸುತ್ತಲೇ ನಡೆಯಿತು. 2010ರ ಬ್ಲ್ಯಾಕ್ ಹ್ಯಾಟ್ ಸಮಾವೇಶದಲ್ಲಿ ಭದ್ರತಾ ಸಂಶೋಧಕ ಮಾರ್ಕೊ ಸ್ಲಾವಿಯೆರೊ, ಅಂತರ್ಜಾಲಕ್ಕೆ ತೆರೆದುಕೊಂಡಿದ್ದ ಕ್ಯಾಶ್‌ಗಳಿಂದ ಮಾಹಿತಿ ಎತ್ತುವುದು ಎಷ್ಟು ಸುಲಭ ಎಂದು ತೋರಿಸಿದರು. 2018ರ ಫೆಬ್ರವರಿ 28ರಂದು ತೆರೆದಿದ್ದ ಮೆಮ್‌ಕ್ಯಾಶ್‌ಡಿ ಯುಡಿಪಿ ಪೋರ್ಟ್‌ಗಳನ್ನೇ ಬಳಸಿ ಗಿಟ್‌ಹಬ್ ಮೇಲೆ ಸೆಕೆಂಡಿಗೆ 1.35 ಟೆರಾಬಿಟ್ ದಾಳಿ ನಡೆಯಿತು. ಅದೇ ಹೊತ್ತಿಗೆ ಬಂದ 1.5.6ನೇ ಆವೃತ್ತಿ ಯುಡಿಪಿಯನ್ನು ಪೂರ್ವನಿಯೋಜಿತವಾಗಿ ಮುಚ್ಚಿಟ್ಟಿತು. ಅಗತ್ಯವಾದ ಕ್ರಮವೇ. ಆದರೆ ನೆರೆಯ ಖಾತೆಯಿಂದ ಬರುವ ಕೈಯನ್ನು ಅದು ತಡೆಯುವುದಿಲ್ಲ. ‘ಲೋಕಲ್‌ಹೋಸ್ಟ್‌ಗೆ ಮಾತ್ರ’ ಎಂಬ ಹೊಂದಿಕೆಯೂ ಅಷ್ಟೇ, ಹಂಚಿಕೆಯ ಯಂತ್ರದಲ್ಲಿ ಎಲ್ಲರೂ ಲೋಕಲ್ಲೇ.

ಪಾಸ್‌ವರ್ಡ್ ವ್ಯವಸ್ಥೆಯೂ ಬಂತು. ಎಸ್‌ಎಎಸ್‌ಎಲ್ ದೃಢೀಕರಣ ಬೈನರಿ ಪ್ರೋಟೊಕಾಲ್‌ಗೆ ಮೀಸಲಾಗಿತ್ತು. 2019ರಲ್ಲಿ ಪಠ್ಯ ಪ್ರೋಟೊಕಾಲ್‌ಗೂ ದೃಢೀಕರಣ ಸಿಕ್ಕಿತು, ಟಿಎಲ್‌ಎಸ್ ಸಹ ಸೇರಿತು. ಆದರೆ ಒಮ್ಮೆ ಒಳಹೊಕ್ಕವರಿಗೆ ಎಲ್ಲ ಕೀಗಳೂ ಒಂದೇ. ಕೀ ಹೆಸರಿನ ಮುಂದೆ ತಾಣದ ಹೆಸರು ಸೇರಿಸುವ ರೂಢಿ ಗೊಂದಲ ತಪ್ಪಿಸುತ್ತದೆ, ಕಳವನ್ನಲ್ಲ. ಈ ವಿಷಯದಲ್ಲಿ ಇಂಥದೇ ಇನ್ನೊಂದು ತಂತ್ರಾಂಶ ರೆಡಿಸ್ ಮುಂದೆ ಹೋಯಿತು: 2020ರ 6ನೇ ಆವೃತ್ತಿಯಿಂದ ಯಾವ ಬಳಕೆದಾರ ಯಾವ ಕೀಗಳನ್ನು ಮುಟ್ಟಬಹುದೆಂದು ನಿಗದಿಪಡಿಸಬಹುದು. ಆದರೂ ಮೆಮೊರಿ ಹಂಚಿಕೆಯದೇ. ಒಬ್ಬರು ತುಂಬಿಸಿದರೆ ಇನ್ನೊಬ್ಬರ ದತ್ತಾಂಶ ಹೊರಬೀಳಬಹುದು.

ನನಗೆ ಸರಿಯೆನಿಸುವ ಪರಿಹಾರ ಇವೆಲ್ಲಕ್ಕಿಂತ ಹಳೆಯದು: ಯುನಿಕ್ಸ್ ಸಾಕೆಟ್. ಪ್ರತಿ ಖಾತೆಗೂ ಅದರದೇ ಬಳಕೆದಾರ ಹೆಸರಿನಲ್ಲಿ ಪ್ರತ್ಯೇಕ ಮೆಮ್‌ಕ್ಯಾಶ್‌ಡಿ ನಡೆಸಬೇಕು. ಪೋರ್ಟ್ ಬದಲು ಹೋಮ್ ಡೈರೆಕ್ಟರಿಯೊಳಗಿನ ಸಾಕೆಟ್ ಫೈಲ್, ಅದಕ್ಕೆ 0700 ಅನುಮತಿ, ಅಂದರೆ ಮಾಲೀಕರಿಗೆ ಮಾತ್ರ ಪ್ರವೇಶ. ಆಗ ಕಾವಲು ಕಾಯುವುದು ಕರ್ನಲ್. ಕದಿಯಲು ಪಾಸ್‌ವರ್ಡೇ ಇರುವುದಿಲ್ಲ. ಮೆಮೊರಿ ಮಿತಿಯೂ ಖಾತೆಗೊಂದರಂತೆ ಬೇರೆಯಾಗುತ್ತದೆ. ಪ್ರಕ್ರಿಯೆಗಳು ಹೆಚ್ಚುತ್ತವೆ ಎಂಬ ಹೋಸ್ಟಿಂಗ್‌ನವರ ಆಕ್ಷೇಪ ನಿಜ, ಆದರೆ ಗ್ರಾಹಕರ ಸೆಷನ್‌ಗಳಿಗೆ ಹೋಲಿಸಿದರೆ ಆ ಬೆಲೆ ಸಣ್ಣದು.

ಇದು ಫಲಿಸಲು ಇನ್ನೊಂದು ಕೆಲಸವೂ ಆಗಿರಬೇಕು. ಎಲ್ಲ ತಾಣಗಳ ಪಿಎಚ್‌ಪಿಯೂ ಒಂದೇ ಬಳಕೆದಾರನ ಹೆಸರಿನಲ್ಲಿ ಓಡುತ್ತಿದ್ದರೆ ಸಾಕೆಟ್ ಅನುಮತಿಗೆ ಅರ್ಥವಿಲ್ಲ, ಕರ್ನಲ್‌ಗೆ ಅವರೆಲ್ಲ ಒಬ್ಬರೇ. 2010ರಲ್ಲಿ ಪಿಎಚ್‌ಪಿ 5.3.3ರೊಡನೆ ಸೇರಿದ, ಪಿಎಚ್‌ಪಿ ಪ್ರಕ್ರಿಯೆಗಳನ್ನು ನಡೆಸುವ ಎಫ್‌ಪಿಎಂನಲ್ಲಿ ಪ್ರತಿ ತಾಣಕ್ಕೂ ಬೇರೆ ಪೂಲ್, ಬೇರೆ ಬಳಕೆದಾರನನ್ನು ಕೊಡಬಹುದು. ಸಾಕೆಟ್‌ಗೆ ಕೈಹಾಕುವ ಮೊದಲು ನೋಡಬೇಕಾದದ್ದು ಆ ಪೂಲ್ ಫೈಲಿನ ‘ಯೂಸರ್’ ಸಾಲನ್ನು.