ಜಾನ್ನಿ ರಿವೇರಾ: ಆರು ನಿಮಿಷಗಳ ಪ್ರಶ್ನೆ

1970ರ ಜೂನ್ 21ರಂದು ಮೆಕ್ಸಿಕೊ ನಗರದ ಅಜ್ಟೆಕಾ ಕ್ರೀಡಾಂಗಣದಲ್ಲಿ ವಿಶ್ವಕಪ್ ಫುಟ್‌ಬಾಲಿನ ಅಂತಿಮ ಪಂದ್ಯ ನಡೆಯಿತು. ಬ್ರೆಜಿಲ್ 4–1 ಗೋಲುಗಳಿಂದ ಇಟಲಿಯನ್ನು ಸೋಲಿಸಿತು. ಪೆಲೆಯ ತಂಡದ ಆ ಗೆಲುವನ್ನು ಜಗತ್ತು ಇಂದಿಗೂ ಕೊಂಡಾಡುತ್ತದೆ. ಇಟಲಿಯವರು ಮಾತ್ರ ಆ ಪಂದ್ಯವನ್ನು ಮತ್ತೊಂದು ಕಾರಣಕ್ಕಾಗಿ ನೆನೆಯುತ್ತಾರೆ. ಆರು ತಿಂಗಳ ಹಿಂದಷ್ಟೇ ಯುರೋಪಿನ ಶ್ರೇಷ್ಠ ಆಟಗಾರನೆಂಬ ಪ್ರಶಸ್ತಿ ಪಡೆದಿದ್ದ ಜಾನ್ನಿ ರಿವೇರಾ ಅವರನ್ನು ತರಬೇತುದಾರರು ಅಂದು ಅಂಗಣಕ್ಕೆ ಇಳಿಸಿದ್ದು 84ನೆಯ ನಿಮಿಷದಲ್ಲಿ. ಆ ಹೊತ್ತಿಗೆ ಇಟಲಿ ಎರಡು ಗೋಲು ಹಿಂದಿತ್ತು. ಅವರ ಪಾಲಿಗೆ ಉಳಿದದ್ದು ಆರೇ ನಿಮಿಷ.

ಇಂಥ ಪ್ರತಿಭಾವಂತನನ್ನು ಹೊರಗೆ ಕೂರಿಸಿದ್ದು ಏಕೆ? ಈ ಪ್ರಶ್ನೆಗೆ ಉತ್ತರ ಬೇಕಾದರೆ ರಿವೇರಾ ಅವರ ಆಟವನ್ನೂ ಆ ಕಾಲದ ಇಟಲಿಯ ಮನಸ್ಸನ್ನೂ ಒಟ್ಟಿಗೆ ನೋಡಬೇಕಾಗುತ್ತದೆ.

ರಿವೇರಾ ಹುಟ್ಟಿದ್ದು 1943ರಲ್ಲಿ, ವಾಯವ್ಯ ಇಟಲಿಯ ಅಲೆಸ್ಸಾಂದ್ರಿಯಾ ಪಟ್ಟಣದ ಬಳಿ. ಹದಿನಾರು ತುಂಬುವ ಮೊದಲೇ, 1959ರ ಜೂನ್‌ನಲ್ಲಿ, ದೇಶದ ಅಗ್ರ ಲೀಗ್‌ನಲ್ಲಿ ಊರಿನ ತಂಡದ ಪರ ಆಡಿದರು. ಮರುವರ್ಷ ಮಿಲಾನ್ ಕ್ಲಬ್ ಸೇರಿ, 1979ರಲ್ಲಿ ನಿವೃತ್ತರಾಗುವವರೆಗೂ ಅಲ್ಲೇ ಉಳಿದರು. ಮಧ್ಯಾಂಗಣದ ಈ ಆಟಗಾರ ಮೈಕಟ್ಟಿನಲ್ಲಿ ತೆಳ್ಳಗೆ. ಓಟದಲ್ಲಿ ಅಂಥ ವೇಗವಿಲ್ಲ, ಎದುರಾಳಿಯ ಕಾಲಿನಿಂದ ಚೆಂಡು ಕಸಿಯುವ ಗೋಜಿಗೂ ಹೆಚ್ಚು ಹೋಗುತ್ತಿರಲಿಲ್ಲ. ಆದರೆ ಮೂವತ್ತು ನಲವತ್ತು ಗಜ ದೂರದಲ್ಲಿ ಓಡುತ್ತಿರುವ ಜೊತೆಗಾರನ ಕಾಲಿಗೆ ಸರಿಯಾಗಿ ಚೆಂಡು ತಲುಪಿಸುವುದರಲ್ಲಿ ಅವರಿಗೆ ಸರಿಸಾಟಿಯಾದವರು ವಿರಳ.

ಆ ಕಾಲದ ಇಟಲಿಯ ಆಟಕ್ಕೆ 'ಕತೆನಾಚ್ಚೊ' ಎಂಬ ಹೆಸರಿತ್ತು. ಬಾಗಿಲಿಗೆ ಹಾಕುವ ಅಗುಳಿ ಎಂದು ಅದರ ಅರ್ಥ. ಮೊದಲು ನಮ್ಮ ಗೋಲು ಭದ್ರವಾಗಿರಲಿ, ಗೆಲ್ಲಲು ಒಂದು ಗೋಲು ಸಾಕು ಎಂಬುದು ಆ ಪಂಥದ ನಂಬಿಕೆ. ಅದರ ದೊಡ್ಡ ವಕ್ತಾರರಾದ ಪತ್ರಕರ್ತ ಜಾನ್ನಿ ಬ್ರೆರಾ ಅವರು ರಿವೇರಾ ಅವರಿಗೆ 'ಅಬಾತಿನೊ', ಅಂದರೆ 'ಪುಟ್ಟ ಪಾದ್ರಿ', ಎಂಬ ಅಡ್ಡಹೆಸರಿಟ್ಟರು. ನೋಡಲು ನಾಜೂಕು, ಕಾದಾಟಕ್ಕೆ ಒದಗದವನು ಎಂಬುದು ಅದರ ಕುಟುಕು.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಮಿಲಾನ್‌ನಲ್ಲಿ ರಿವೇರಾ ಅವರನ್ನು ಬೆಳೆಸಿದ ತರಬೇತುದಾರ ನೆರೆಯೊ ರೊಕ್ಕೊ ಸ್ವತಃ ಅಗುಳಿ ಪಂಥದ ಗುರು. ಅವರು ಬಾಗಿಲು ಭದ್ರಪಡಿಸಿದರು, ಕೀಲಿಕೈಯನ್ನು ಮಾತ್ರ ರಿವೇರಾ ಕೈಗೆ ಕೊಟ್ಟರು. ರಿವೇರಾ ಓಡದ ಓಟವನ್ನು ಅವರ ಪರವಾಗಿ ಓಡಲು ಜೊವಾನ್ನಿ ಲೊದೆತ್ತಿಯಂಥ ದಣಿವರಿಯದ ಆಟಗಾರರಿದ್ದರು. ಈ ಏರ್ಪಾಟಿನ ಫಲವಾಗಿ ಮಿಲಾನ್ 1963 ಮತ್ತು 1969ರಲ್ಲಿ ಯುರೋಪಿಯನ್ ಕಪ್ ಗೆದ್ದಿತು. 1969ರ ಕೊನೆಯಲ್ಲಿ ರಿವೇರಾ, ತಮ್ಮ ದೇಶದವರೇ ಆದ ಜೀಜಿ ರೀವಾ ಅವರನ್ನು ಕೇವಲ ನಾಲ್ಕು ಮತಗಳಿಂದ ಹಿಂದಿಕ್ಕಿ ಯುರೋಪಿನ ಶ್ರೇಷ್ಠ ಆಟಗಾರರೆನಿಸಿದರು.

ರಾಷ್ಟ್ರೀಯ ತಂಡದ ಕಥೆ ಬೇರೆಯಾಗಿತ್ತು. ಅಲ್ಲಿ ಅವರಿಗೆ ಪ್ರತಿಸ್ಪರ್ಧಿ, ಅದೇ ಮಿಲಾನ್ ನಗರದ ಇಂಟರ್ ಕ್ಲಬ್ಬಿನ ಸಾಂದ್ರೊ ಮಜೋಲಾ. ಅವರು ಚುರುಕಿನ ಓಟಗಾರ, ಛಲಗಾರ. ಸಮುದ್ರಮಟ್ಟದಿಂದ ಎರಡು ಸಾವಿರ ಮೀಟರಿಗೂ ಎತ್ತರದಲ್ಲಿರುವ ಮೆಕ್ಸಿಕೊ ನಗರದಲ್ಲಿ ಉಸಿರೇ ದುಬಾರಿ. ಹೀಗಾಗಿ ಇಬ್ಬರನ್ನೂ ಒಟ್ಟಿಗೆ ಆಡಿಸಿದರೆ ತಂಡದ ಸಮತೋಲ ಕೆಡುತ್ತದೆಂದು ತರಬೇತುದಾರ ವಾಲ್ಕರೆಜ್ಜಿ ಭಾವಿಸಿದರು. ಅದಕ್ಕೂ ಮೊದಲೇ, ಗಾಯಗೊಂಡ ಒಬ್ಬ ಆಟಗಾರನ ಸ್ಥಾನಕ್ಕೆ ಇಬ್ಬರನ್ನು ಕರೆಸಿಕೊಂಡಾಗ, ತಂಡದಿಂದ ಕೈಬಿಡಲಾಗಿದ್ದು ಯಾರನ್ನು? ಅದೇ ಲೊದೆತ್ತಿಯನ್ನು! ರಿವೇರಾ ಪರವಾಗಿ ಓಡಬೇಕಾದವರೇ ಇಲ್ಲವಾದರು.

ಮೊದಲ ಸುತ್ತಿನ ಮೂರು ಪಂದ್ಯಗಳಲ್ಲಿ ಇಟಲಿ ಗಳಿಸಿದ್ದು ಒಂದೇ ಗೋಲು. ಕ್ವಾರ್ಟರ್ ಫೈನಲ್‌ನಿಂದ ಹೊಸ ಉಪಾಯವೊಂದು ಜಾರಿಗೆ ಬಂತು: ಮೊದಲರ್ಧಕ್ಕೆ ಮಜೋಲಾ, ಉತ್ತರಾರ್ಧಕ್ಕೆ ರಿವೇರಾ. ಇಟಲಿಯ ಪತ್ರಿಕೆಗಳು ಇದನ್ನು 'ಸ್ತಫೆತ್ತಾ', ಅಂದರೆ ರಿಲೇ ಓಟ, ಎಂದು ಕರೆದವು. ವಿರಾಮದ ವೇಳೆಗೆ 1–1ರಲ್ಲಿ ಸಮವಾಗಿದ್ದ ಮೆಕ್ಸಿಕೊ ವಿರುದ್ಧದ ಆ ಪಂದ್ಯವನ್ನು, ರಿವೇರಾ ಬಂದ ಬಳಿಕ ಇಟಲಿ 4–1ರಿಂದ ಗೆದ್ದಿತು.

ಜೂನ್ 17ರ ಸೆಮಿಫೈನಲ್‌ನಲ್ಲಿ ಎದುರಾಳಿ ಪಶ್ಚಿಮ ಜರ್ಮನಿ. ಹೆಚ್ಚುವರಿ ಅವಧಿಯೊಂದರಲ್ಲೇ ಐದು ಗೋಲುಗಳಾದ ಪಂದ್ಯವದು. 110ನೆಯ ನಿಮಿಷದಲ್ಲಿ ಗೆರ್ಡ್ ಮುಲ್ಲರ್ ತಲೆಯಿಂದ ತಳ್ಳಿದ ಚೆಂಡು, ಗೋಲುಕಂಬದ ಬಳಿ ನಿಂತಿದ್ದ ರಿವೇರಾ ಅವರ ಪಕ್ಕದಿಂದಲೇ ಒಳಗೆ ಹೋಗಿ 3–3 ಆಯಿತು. ಗೋಲ್‌ಕೀಪರ್ ಆಲ್ಬರ್ತೋಸಿ ಅವರ ಮೇಲೆ ಸಿಡಿದೆದ್ದರು. ಮರುನಿಮಿಷದಲ್ಲೇ ಬೊನಿನ್ಸೆನ್ಯಾ ಎಡಬದಿಯಿಂದ ನೀಡಿದ ಪಾಸನ್ನು ರಿವೇರಾ, ಗೋಲ್‌ಕೀಪರ್ ಒಂದು ಕಡೆ ವಾಲಿದರೆ ಮತ್ತೊಂದು ಕಡೆಗೆ, ಶಾಂತವಾಗಿ ಗೋಲಿಗೆ ಸೇರಿಸಿದರು. ಇಟಲಿ 4–3. ವಿಮರ್ಶಕರು ಎತ್ತಿದ ಆಕ್ಷೇಪಣೆಗೂ ಅದಕ್ಕೆ ಉತ್ತರಕ್ಕೂ ನಡುವೆ ಇದ್ದದ್ದು ಒಂದೇ ನಿಮಿಷ.

ಹೀಗಿದ್ದೂ ಅಂತಿಮ ಪಂದ್ಯದಲ್ಲಿ ರಿಲೇ ನಡೆಯಲಿಲ್ಲ. ವಿರಾಮಕ್ಕೆ 1–1 ಇದ್ದಾಗಲೂ ಮಜೋಲಾ ಅವರನ್ನೇ ಮುಂದುವರಿಸಲಾಯಿತು. ಅವರು ಚೆನ್ನಾಗಿಯೇ ಆಡುತ್ತಿದ್ದರು. ಸೋಲಿಗೆ ಅವರನ್ನು ದೂರುವಂತಿಲ್ಲ. ರಿವೇರಾ ಇದ್ದಿದ್ದರೆ ಆ ಬ್ರೆಜಿಲ್ ತಂಡ ಸೋಲುತ್ತಿತ್ತು ಎನ್ನುವುದೂ ಕಷ್ಟ. ಪ್ರಶ್ನೆ ಅದಲ್ಲ. 1974ರ ವಿಶ್ವಕಪ್‌ನಲ್ಲಿ ಇದೇ ವಾಲ್ಕರೆಜ್ಜಿ ಇಬ್ಬರನ್ನೂ ಜೊತೆಯಾಗಿ ಕಣಕ್ಕಿಳಿಸಿದರು. ಅಷ್ಟರಲ್ಲಿ ಇಬ್ಬರಿಗೂ ಮೂವತ್ತು ದಾಟಿತ್ತು; ತಂಡ ಮೊದಲ ಸುತ್ತಿನಲ್ಲೇ ಹೊರಬಿತ್ತು. ಆಗಬಹುದಾದದ್ದು ಆಗಬೇಕಾದ ಕಾಲಕ್ಕೆ ಆಗಲಿಲ್ಲ.

1979ರಲ್ಲಿ ಮಿಲಾನ್‌ಗೆ ಹತ್ತನೆಯ ಲೀಗ್ ಪ್ರಶಸ್ತಿ ದೊರಕಿಸಿ ರಿವೇರಾ ಆಟ ಬಿಟ್ಟರು. ಮುಂದೆ ಸಂಸತ್ ಸದಸ್ಯರಾದರು. 1996ರಿಂದ 2001ರವರೆಗೆ ರಕ್ಷಣಾ ಇಲಾಖೆಯ ಉಪಸಚಿವರೂ ಆಗಿದ್ದರು. 'ಕಾದಾಟಕ್ಕೆ ಒದಗದವನು' ಎನಿಸಿಕೊಂಡವರಿಗೆ ರಕ್ಷಣಾ ಖಾತೆ ಒಲಿದದ್ದು ಇತಿಹಾಸದ ಒಂದು ಸಣ್ಣ ವಿನೋದ.

ಅಗುಳಿ ಹಾಕುವುದು ತಪ್ಪಲ್ಲ. ರೊಕ್ಕೊ ಕೂಡ ಹಾಕಿದ್ದರು. ಆದರೆ ಪ್ರತಿಭಾವಂತನ ಕೊರತೆಯನ್ನು ಉಳಿದವರು ತುಂಬಿಕೊಟ್ಟರೆ ಅವನ ಶಕ್ತಿ ಇಡೀ ತಂಡದ್ದಾಗುತ್ತದೆ ಎಂದು ಅವರಿಗೆ ತಿಳಿದಿತ್ತು. ಕೊರತೆಯನ್ನೇ ಎಣಿಸುತ್ತ ಕುಳಿತವರಿಗೆ ದಕ್ಕಿದ್ದು ಆರು ನಿಮಿಷ ಮಾತ್ರ.